ಎರಿ ಮಣ್ಣಿನ ಎತ್ತು, ಒಂದ ಮೊಬೈಲು, 270 ಫೋಟೋ

ಆಲಮಟ್ಟಿ ಹಿನ್ನೀರಿನ್ಯಾಗ ಹಳೇ ಊರು ಮುಳುಗಿದ ಮ್ಯಾಲೆ ಕಟ್ಟಿದ ಪುನರ್ವಸತಿ ಊರು ನಮ್ಮದು, ಬಾಗಲಕೋಟಿ ಜಿಲ್ಲಾ. ನಮ್ಮ ಸಾಲ್ಯಾಗ ಒಂದರಿಂದ ಐದನೇತ್ತಾ ತನಕಾ 23 ಹುಡುಗೂರು, ಟೀಚರ್ ಇಬ್ರು, ಅದ್ರಾಗ ಒಬ್ರು ನಾ.

ಮೊದಲ ನಾ ಮೊಬೈಲಿನ್ಯಾಗ ಚಿತ್ರಾ ಬರಿಯೋ ಆ್ಯಪ್ ಹಾಕ್ಕೊಟ್ಟಿದ್ದೆ, ಎಲ್ಲಾರೂ ಎರಡು ಗುಡ್ಡ, ನಡುವ ಸೂರ್ಯ, ಬಾಜೂಕ ತೆಂಗಿನ ಗಿಡ ಅಷ್ಟ ತಗದ್ರು, ಮನಸಿಗೆ ಭಾಳ ಬ್ಯಾಸರಾತು. ಅಷ್ಟ್ರಾಗ ಮಣ್ಣೆತ್ತಿನ ಅಮಾಸಿ ಬಂತು ನೋಡ್ರಿ. ಹುಡುಗೂರು ತಾವ ಮಾಡಿದ ಎತ್ತು ಸಾಲಿಗೆ ತಂದ್ರು. ಇವನ್ನ ನಡಸೋಣಲ್ಲ ಅಂತ ಹೊಳೀತು.

ಸ್ಟಾಪ್ ಮೋಷನ್ ಅಂದ್ರ ಗೊಂಬಿ ಒಂಚೂರು ಸರಸೂದು, ಫೋಟೋ ತಗಿಯೂದು, ಮತ್ತ ಸರಸೂದು. ಸಿನಿಮಾಕ್ಕ ಸೆಕೆಂಡಿಗೆ 24 ಚಿತ್ರ ಬೇಕು, ನಮಗ 6 ಸಾಕಾದ್ವು. 45 ಸೆಕೆಂಡಿಗೆ ಎಷ್ಟು ಫೋಟೋ ಅಂತ ನಾಲ್ಕನೇತ್ತಾ ಹುಡುಗೂರ ಬೋರ್ಡ್ ಮ್ಯಾಲೆ ಗುಣಾಕಾರ ಮಾಡಿ ಹೇಳಿದ್ರು, 270. ಸ್ಟಾಪ್ ಮೋಷನ್ ಸ್ಟುಡಿಯೋ ಅನ್ನೋ ಆ್ಯಪಿನ್ಯಾಗ ಹಿಂದಿನ ಫೋಟೋ ತೆಳ್ಳಗ ಕಾಣ್ತೈತಿ, ಎಷ್ಟು ಸರಸೇವಿ ಅಂತ ಗೊತ್ತಾಗ್ತೈತಿ. ಎರಡು ಇಟ್ಟಂಗಿ ನಡುವ ಮೊಬೈಲ್ ನಿಲ್ಲಿಸಿ ಫ್ಲೈಟ್ ಮೋಡ್ ಹಾಕ್ರಿ, ನಡುವ ಫೋನ್ ಬಂದು ಅಳ್ಳಾಡಿದ್ರ ಅಷ್ಟೂ ಹಾಳು. ಕಿಡಕಿ ಬೆಳಕು ಹೊತ್ತು ಏರಿದಂಗ ಬದಲಾಗ್ತಿತ್ತು, ಅದಕ್ಕ ಕಿಡಕಿಗೆ ಚಾದರ ಕಟ್ಟಿ ಟ್ಯೂಬ್‌ಲೈಟ್ ಹಚ್ಚಿದಿವಿ. ಎರಿ ಮಣ್ಣು ಒಣಗಿದ್ರ ಸೀಳು ಬಿಡ್ತೈತಿ, ಕಲಸುವಾಗ ಒಂಚೂರು ಹತ್ತಿ ಅರಳಿ ಸೇರಿಸಿದಿವಿ, ತಡೀತು.

ಕಥಿ ಒಂದು ಹುಡುಗಿ ಮನ್ಯಾಗಿಂದ ಬಂತು. ಮುಳುಗಡಿ ಆಗುವಾಗ ಆಕಿ ಮುತ್ಯಾ ಮನಿ ಕದಾ, ತೊಲಿ ಎಲ್ಲಾ ಕಿತ್ತು ಬಂಡ್ಯಾಗ ಹೇರಿದ್ನಂತ, ಆದ್ರ ಹಗೇವು ಮಾತ್ರ ತರಾಕ ಆಗ್ಲಿಲ್ಲಂತ. ಹಗೇವು ಅಂದ್ರೇನ್ರಿ ಟೀಚರ್ ಅಂತ ಉಳಿದಾವ್ರು ಕೇಳಿದ್ರು. ನಾ ಹೇಳ್ಲಿಲ್ಲ, ಮನಿಗೆ ಹೋಗಿ ಕೇಳ್ಕೊಂಡ ಬರ್ರಿ ಅಂದೆ. ಮರುದಿನ ಜ್ವಾಳ ತುಂಬಿಡೋ ನೆಲದಾಗಿನ ತೆಗ್ಗು ಅಂತ ಕೇಳ್ಕೊಂಡ ಬಂದು, ಮಣ್ಣಿಲೆ ಅದನ್ನೂ ಮಾಡಿ, ಒಳಗ ಖರೇ ಜ್ವಾಳ ಹಾಕಿದ್ರು.

ನನ್ನ ದೊಡ್ಡ ತಪ್ಪು ಧ್ವನಿ ರೆಕಾರ್ಡ್ ಮಾಡೂದ್ರಾಗ ಆತು. "ನನ್ನ ತಾತ ಬಾಗಿಲನ್ನು ಕಿತ್ತನು" ಅಂತ ಶುದ್ಧ ಮಾಡಿ ಬರದ ಕೊಟ್ಟೆ, ಅಂಗಳದಾಗ ಅಷ್ಟು ಚಂದ ಹೇಳಿದ ಹುಡುಗಿ ದನಿ ಪಾಠ ಒಪ್ಪಿಸಿದಂಗಾತು. ಆ ಹಾಳಿ ತಗದಿಟ್ಟು ನಿಮ್ಮ ಮುತ್ಯಾ ಹೆಂಗ ಹೇಳ್ತಾನ ಹಂಗ ಹೇಳವಾ ಅಂದೆ. "ಕದಾ ಕಿತ್ತಾಗ ನಮ್ಮವ್ವ ಹೊಸ್ತಲಾ ಮುಟ್ಟಿ ಮುಟ್ಟಿ ಅತ್ಲು ಅಂತಾನ ನಮ್ಮ ಮುತ್ಯಾ" ಅಂತ ಒಂದ ಉಸಿರಿನ್ಯಾಗ ಹೇಳಿದ್ಲು. ಅದನ್ನ ಇಟ್ಟೀವಿ, ಒಂದಕ್ಷರ ತಿದ್ದಿಲ್ಲ.

ಶನಿವಾರ ಮುತ್ಯಾನ್ನ ಸಾಲಿಗೆ ಕರಸಿ ತೋರಿಸಿದಿವಿ. ಎರಡು ಸಲ ನೋಡಿದ್ರು. ಮೂರನೇ ಸಲ ಬೆರಳಿಟ್ಟು "ಕದಾ ಮೂಡಲಕ್ಕಿತ್ತವಾ, ಇತ್ಲಾಗಲ್ಲ" ಅಂದ್ರು. ಹುಡುಗೂರು ಆವತ್ತ ಮತ್ತ ಮಣ್ಣು ನೆನಿ ಹಾಕ್ಯಾರ.