ಒಂದೇ ಟಿಕ್ಕಿನ ರಹಸ್ಯ

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದಾಗ ಓದುಗರಿಗೆ ತಿಳಿಸಲು ಮೊದಲು ವಾಟ್ಸ್‌ಆ್ಯಪ್ ಗುಂಪು ಮಾಡಿದ್ದೆ. ವಾರದೊಳಗೆ ಅದು ಸಂತೆಯಾಯಿತು. ಶುಭೋದಯದ ಗುಲಾಬಿಗಳ ರಾಶಿಯಡಿ ಪರೀಕ್ಷಾ ಪುಸ್ತಕಗಳ ಸುದ್ದಿ ಹೂತುಹೋಗುತ್ತಿತ್ತು. ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಬಹುದಿತ್ತು, ಆದರೆ ತಮ್ಮ ನಂಬರ್ ಊರಿಗೆಲ್ಲ ಕಾಣುವುದು ಹುಡುಗಿಯರಿಗೆ ಇಷ್ಟವಿರಲಿಲ್ಲ. ಅದು ನ್ಯಾಯವೇ.

ಪಿಯುಸಿ ಓದುವ ಒಬ್ಬಳು, "ಮೇಡಂ, ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ" ಎಂದಳು. ಅದರಲ್ಲಿ ಒಂದೇ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಪಟ್ಟಿಗೆ 256 ಜನ ಹಿಡಿಯುತ್ತಾರೆ, ನಮಗೆ ಧಾರಾಳ. ಸದಸ್ಯತ್ವದ ರಿಜಿಸ್ಟರ್ ಮುಂದಿಟ್ಟುಕೊಂಡು ಎರಡು ದಿನ ಕೂತು ಎಲ್ಲರನ್ನೂ ಸೇರಿಸಿದೆ.

ಸಂದೇಶ ಕಳಿಸಿದೆ. ನರಪಿಳ್ಳೆಯೂ ಬರಲಿಲ್ಲ. ನೆಟ್‌ವರ್ಕನ್ನು ಬೈದೆ, ಮೊಬೈಲ್ ಆರಿಸಿ ಮತ್ತೆ ಹಚ್ಚಿದೆ. ಬೂದು ಬಣ್ಣದ ಒಂದೇ ಟಿಕ್ ಅಲುಗಾಡಲಿಲ್ಲ. ಕೊನೆಗೆ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ, ತಲುಪಿದವರ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಹೆಸರುಗಳು. ಎಲ್ಲರೂ ಪುಸ್ತಕದ ಅವಧಿ ವಿಸ್ತರಿಸಲು ನನಗೆ ಆಗಾಗ ಫೋನ್ ಮಾಡುವವರು! ಆಗ ಹೊಳೆಯಿತು. ಕಳಿಸುವವರ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಅವರ ನಂಬರ್ ನನ್ನಲ್ಲಿದ್ದರೆ ಸಾಲದು.

ಮರುದಿನವೇ ಗ್ರಂಥಾಲಯದ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಮೇಜಿಗೆ ಅಂಟಿಸಿದೆ. ಪುಸ್ತಕಕ್ಕೆ ಸಹಿ ಹಾಕುವ ಮುನ್ನ ಎದುರಿಗೇ ಉಳಿಸಿಕೊಳ್ಳಬೇಕು. ಹಿರಿಯರ ಮೊಬೈಲನ್ನು ನಾನೇ ಇಸಿದುಕೊಂಡು ಮಾಡಿಕೊಡುತ್ತೇನೆ. ಯಾವ ಹೆಸರಿನಲ್ಲಿ ಹಾಕಲಿ ಎಂದು ಕೇಳಿದರೆ ಒಬ್ಬ ಅಜ್ಜ, "ಪುಸ್ತಕದಮ್ಮ ಅಂತ ಹಾಕು ತಾಯಿ" ಎಂದರು. ಮೊನ್ನೆ ಸಂದೇಶ ಹೋದ ಅರ್ಧ ಗಂಟೆಯಲ್ಲಿ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದವರೂ ಅವರೇ.