ಕೊಟ್ಟಿಗೆಯ ಮಣ್ಣಲ್ಲೇ ಕೊಟ್ಟಿಗೆಯ ಚಿತ್ರ

ಸಾಗರ, ಸೊರಬ, ಸಿರ್ಸಿ ಕಡೆಯ ಹಳೇ ಕೊಟ್ಟಿಗೆಗಳನ್ನು ಜಲವರ್ಣದಲ್ಲಿ ಬರೆಯಲು ಹಿಡಿದು ಆರೇಳು ವರ್ಷ ಆಯಿತು. ಆ ಗೋಡೆಯ ಮಣ್ಣನ್ನೇ ಅರೆದು ಬಣ್ಣ ಮಾಡುತ್ತೇನೆ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ‘ಒಂದು ಮಳೆಗಾಲ ಕಳೀಲಿ, ಉದುರುತ್ತೆ ನೋಡು’ ಅಂದರು. ನಾಲ್ಕು ಮಳೆಗಾಲ ಕಳೆಯಿತು. ಉದುರಿಲ್ಲ.

ಟ್ಯೂಬಿನಲ್ಲಿ ಸಿಗುವ ಕೆಂಗಂದು ಬಣ್ಣ, ಬರ್ನ್ಟ್ ಸಿಯೆನ್ನಾ ಹಚ್ಚಿದರೆ ಮಣ್ಣಿನ ಗೋಡೆ ಹೊಸ ಇಟ್ಟಿಗೆ ತರ ಕಾಣುತ್ತಿತ್ತು. ದನ ಕಟ್ಟುವ ಗೊಂತಿನ ಪಕ್ಕದ ಗೋಡೆ ಹಾಗಿರುವುದಿಲ್ಲ, ಅಲ್ವಾ? ದನ ಮೈ ತಿಕ್ಕಿ ತಿಕ್ಕಿ ಸೊಂಟದೆತ್ತರಕ್ಕೆ ಒಂದು ಪಟ್ಟಿ ನುಣ್ಣಗಾಗಿ, ಎಣ್ಣೆ ಸವರಿದ ಹಾಗೆ ಕಪ್ಪಗೆ ಹೊಳೆಯುತ್ತದೆ. ಅದರ ಮೇಲೆ ಮಾಸಿದ ಕೆಂಪು. ಕೆಳಗೆ ಸಗಣಿ ನೀರು ಹಾರಿದ ಕಲೆ.

ಮೊದಲು ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಸೀದಾ ಗೋಂದಿಗೆ ಕಲಸಿದೆ. ಮರಳು ಉಳಿದು ಕಾಗದವೆಲ್ಲ ಗೀರು. 300 ಜಿಎಸ್‌ಎಂನ ದಪ್ಪ ಹತ್ತಿ ಕಾಗದ, ಹಾಳೆಗೆ ಐನೂರರ ಮೇಲೆ. ಒಂಬತ್ತೋ ಹತ್ತೋ ಹಾಳೆ ಹೋಯಿತು. ಆಮೇಲೆ ಗೋಂದು ಜಾಸ್ತಿಯಾಗಿ ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿತು. ಆಷಾಢದಲ್ಲಿ ಡಬ್ಬಿಗಳಿಗೇ ಬೂಸ್ಟು ಬಂತು. ಎರಡು ವರ್ಷಕ್ಕೆ ಹದಿನೆಂಟು ಸಾವಿರದ ಹತ್ತಿರ ಖರ್ಚು, ಬಂದದ್ದು ನಾಲ್ಕು ಸಾವಿರ.

ಈಗ ಮಣ್ಣನ್ನು ಬಕೆಟ್‌ನಲ್ಲಿ ಕದಡಿ ಒಂದು ನಿಮಿಷ ಬಿಡುತ್ತೇನೆ. ಮರಳು ಕೂರುತ್ತದೆ. ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಬಕೆಟ್‌ಗೆ ಬಗ್ಗಿಸುತ್ತೇನೆ. ಹೀಗೆ ಐದಾರು ಸಲ. ಎರಡು ದಿನದ ಮೇಲೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಸಿಗುತ್ತದೆ. ಅದನ್ನು ಒಣಗಿಸಿ, ಹೆಚ್ಚುಕಮ್ಮಿ ಅಷ್ಟೇ ಗೋಂದಿನ ನೀರು ಹಾಕಿ ಗಾಜಿನ ಮೇಲೆ ಅರೆಯುವುದು. ಬಿರುಕಿಗೆ ಜೇನು, ಬೂಸ್ಟಿಗೆ ಲವಂಗದ ಎಣ್ಣೆ, ಒಂದೆರಡು ಹನಿ. ಬಣ್ಣ ಮಾಸುತ್ತೆ ಅನ್ನುವವರು ನಮ್ಮ ಕಡೆಯ ಗೋಡೆ ಚಿತ್ರ, ಹಸೆ ಚಿತ್ತಾರ ನೋಡಲಿ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣಿನ ಮೇಲೇ ಬರೆಯುತ್ತ ಬಂದವರು. ಕೆಮ್ಮಣ್ಣಿನ ಕೆಂಪು ಕಬ್ಬಿಣದ ತುಕ್ಕಿನದು, ಬಿಸಿಲಿಗೆ ಜಗ್ಗುವುದಿಲ್ಲ.

ಆ ಹೆಣ್ಣುಮಕ್ಕಳ ಹಾಗೆ ಅಕ್ಕಿ ಹುರಿದು ಕಪ್ಪು ಮಾಡಿಯೂ ನೋಡಿದೆ. ಹೆಂಚು ಹೊರುವ ಪಕಾಸಿನ ನೆರಳಿಗೆ ಚೆನ್ನಾಗಿ ಕೂತಿತು. ಅಡಿಕೆ ಬೇಯಿಸಿ ಉಳಿದ ಚೊಗರನ್ನು ಚಿತ್ರದ ಹೆಂಚಿಗೆ ಹಚ್ಚಿದೆ. ಮೊದಲ ವಾರ ಬಲು ಚಂದ, ಕಿಟಕಿ ಬಳಿ ಇಟ್ಟದ್ದು ಮೂರು ತಿಂಗಳಲ್ಲಿ ಕಪ್ಪಿಟ್ಟಿತು. ಆ ದನ ತಿಕ್ಕಿದ ಪಟ್ಟಿಯ ಹೊಳಪು ಹೇಗೆ ತರುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಒಂದೂವರೆ ವರ್ಷ ಹಿಡಿದಿದೆ.

ಹೆಂಚು ಬರೆಯುವವರಿಗೆ ಒಂದು ಮಾತು. ಬಾಸೆಲ್ ಮಿಷನ್ ಅನ್ನುವ ಪಾದ್ರಿಗಳ ಸಂಸ್ಥೆಯ ಹೆಂಚಿನ ಮೇಲೆ ಅಚ್ಚಾದ 1865, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಅದನ್ನು ನೋಡಿ ಕೊಟ್ಟಿಗೆಯ ವಯಸ್ಸು ಬರೆಯಬೇಡಿ. ನಾನು ಎರಡು ಚಿತ್ರಕ್ಕೆ ಹಾಗೆ ಬರೆದು ಆಮೇಲೆ ಅಳಿಸಿದೆ.

ಕಳೆದ ವರ್ಷ ಹನ್ನೊಂದು ಚಿತ್ರ ಹೋದವು, ಕಾಲು ಹಾಳೆಯದಕ್ಕೆ ಮೂರೂವರೆ, ನಾಲ್ಕು ಸಾವಿರದಂತೆ. ನಾಲ್ಕನ್ನು ಕೊಂಡವರು ಆ ಕೊಟ್ಟಿಗೆಗಳ ಮನೆಯಿಂದಲೇ ಬೆಂಗಳೂರಿಗೆ ಹೋದ ಮಕ್ಕಳು. ನಮ್ಮನೆ ಮಣ್ಣೇನಾ ಅಂತ ಕೇಳಿ, ಚೌಕಾಸಿ ಮಾಡದೆ ಕೊಟ್ಟರು. ಉದುರುತ್ತೆ ಅಂದ ಗೆಳೆಯರಲ್ಲೇ ಒಬ್ಬರು ಮೊನ್ನೆ ಅರ್ಧ ಡಬ್ಬಿ ಬಣ್ಣ ಕೇಳಿ ಒಯ್ದರು.

ಸೊರಬದ ಹತ್ತಿರ ಒಂದು ದೊಡ್ಡ ಕೊಟ್ಟಿಗೆ ಇದೆ, ಅಟ್ಟದ ಮೇಲೆ ಇನ್ನೂ ಹುಲ್ಲಿದೆ. ಮರ, ಹೆಂಚು ಎಲ್ಲ ರೆಸಾರ್ಟಿನವರಿಗೆ ಮಾತಾಗಿದೆಯಂತೆ. ಯುಗಾದಿ ಕಳೆದ ಮೇಲೆ ಬಿಚ್ಚುತ್ತಾರೆ. ಒಂದು ಬುಟ್ಟಿ ಮಣ್ಣು ತೆಗೆದಿಡಿ ಅಂತ ಅಲ್ಲಿನ ಅಮ್ಮನಿಗೆ ಹೇಳಿ ಬಂದಿದ್ದೇನೆ.