ಪಾರ್ಕಿಂಗ್‌ನಲ್ಲಿ ಕಾರಿಗೆ ಗೀರು ಬಿದ್ದರೆ ಮೊದಲು ಫೋಟೋ, ಆಮೇಲೆ ಮಾತು

ಪಕ್ಕದವರು ಬಾಗಿಲು ತಗುಲಿಸಿ ನಿಮ್ಮ ಕಾರಿಗೆ ಗೀರು ಮಾಡಿದ್ದರೆ ಮೈ ಉರಿಯುತ್ತದೆ, ಸಹಜ. ಕೀ ತೆಗೆದು ಅವರ ಗಾಡಿಗೂ ಒಂದು ಗೆರೆ ಎಳೆಯೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಅವರದ್ದು ಅಜಾಗ್ರತೆ, ನಿಮ್ಮದು ಬೇಕಂತಲೇ ಮಾಡಿದ ಹಾನಿ ಆಗುತ್ತದೆ. ಕ್ಯಾಮೆರಾದಲ್ಲಿ ಸಿಕ್ಕರೆ ತಪ್ಪಿತಸ್ಥರು ನೀವೇ. ಅದೂ ಅಲ್ಲದೆ, ಗೀರು ಮಾಡಿದ್ದು ಅದೇ ಗಾಡಿ ಅಂತ ಏನು ಗ್ಯಾರಂಟಿ? ಮಾಡಿದವರು ಆಗಲೇ ಹೊರಟು ಹೋಗಿರಬಹುದು ಅಲ್ವಾ?

ಗಾಡಿ ಕದಲಿಸುವ ಮುಂಚೆ ಫೋಟೋ ತೆಗೆಯಿರಿ. ದೂರದಿಂದ ಒಂದು, ಎರಡೂ ಗಾಡಿಗಳ ನಂಬರ್ ಪ್ಲೇಟ್ ಕಾಣುವಂತೆ. ಹತ್ತಿರದಿಂದ ಇನ್ನೊಂದು. ನೆಲದಿಂದ ಗೀರಿನ ಎತ್ತರ, ಅದರಲ್ಲಿ ಅಂಟಿದ ಬಣ್ಣ, ಇವೆರಡೂ ಅವರ ಬಾಗಿಲಿನ ಅಂಚಿಗೆ ಹೊಂದಿದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಫೋಟೋ ಆಗುವವರೆಗೆ ಒರೆಸಬೇಡಿ. ಸಿಸಿಟಿವಿ ದೃಶ್ಯವನ್ನು ಅವತ್ತೇ ಕೇಳಿ, ತಡವಾದರೆ ಅದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ.

ಆಮೇಲೆ ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಸಾಮಾನ್ಯವಾಗಿ ಪಾಲಿಶ್‌ನಲ್ಲೇ ಹೋಗುತ್ತದೆ. ಇನ್ಶೂರೆನ್ಸ್ ಕ್ಲೇಮ್‌ಗೆ ಮುಂಚೆ ರಿಪೇರಿ ಖರ್ಚು ಕೇಳಿಕೊಳ್ಳಿ. ಸಣ್ಣ ಗೀರಿಗೆ ಸುಮ್ನೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದುಕೊಂಡರೆ ನಷ್ಟವೇ ಜಾಸ್ತಿ.